ದೂರದ ವಿಮಾನಯಾನ: ಹಾದಿ ಎಷ್ಟು, ಹೊತ್ತು ಎಷ್ಟು?

ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ಗೋಡೆಯ ನಕಾಶೆಯ ಕಡೆ ನೋಡುವುದಿಲ್ಲ. ಗ್ಲೋಬ್ ತೆಗೆದು ಎರಡೂ ಊರುಗಳ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿಯುತ್ತೇನೆ. ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ದಾರ ನೇರ ಪೂರ್ವಕ್ಕೆ ಹೋಗುವುದಿಲ್ಲ. ಉತ್ತರಕ್ಕೆ ಸರಿದು, 48 ಡಿಗ್ರಿಯ ಹತ್ತಿರಕ್ಕೆ ಏರಿ, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ದಕ್ಷಿಣದಲ್ಲಿ ಹಾದು ಮತ್ತೆ ಇಳಿಯುತ್ತದೆ. ಇದೇ ಮಹಾವೃತ್ತದ ಹಾದಿ. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಕರಾರುವಾಕ್ಕಾದ ಅಂಕಿ ಬೇಕಿದ್ದರೆ ಕ್ಯಾಲ್ಕುಲೇಟರ್ ಸಾಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಅವುಗಳ ಕೊಸೈನ್‌ಗಳನ್ನು ಗುಣಿಸಿ, ರೇಖಾಂಶಗಳ ಅಂತರದ ಕೊಸೈನ್‌ನಿಂದಲೂ ಗುಣಿಸಿ, ಮೊದಲಿನದಕ್ಕೆ ಕೂಡಿಸಿ. ಬಂದದ್ದರ ವಿಲೋಮ ಕೊಸೈನ್ ತೆಗೆದರೆ ಭೂಮಿಯ ಕೇಂದ್ರದಲ್ಲಿ ಎರಡೂ ಊರುಗಳ ನಡುವಿನ ಕೋನ ಸಿಗುತ್ತದೆ. ಟೋಕಿಯೋದ ಹನೇಡಾ ವಿಮಾನ ನಿಲ್ದಾಣ 35.55 ಉತ್ತರ, 139.78 ಪೂರ್ವ, ಲಾಸ್ ಏಂಜಲೀಸ್ 33.94 ಉತ್ತರ, 118.41 ಪಶ್ಚಿಮ. ಪಶ್ಚಿಮಕ್ಕೆ ಋಣಚಿಹ್ನೆ ಹಾಕುವುದನ್ನು ಮರೆಯಬೇಡಿ, ಲೆಕ್ಕ ತಪ್ಪುವುದು ಬಹುತೇಕ ಅಲ್ಲೇ. ಸಿಗುವ ಕೋನ 79.26 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.; ಗುಣಿಸಿದರೆ ಸುಮಾರು 8,800 ಕಿ.ಮೀ.

ಹೊತ್ತಿನ ಅಂದಾಜಿಗೆ ನಾನು ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುತ್ತೇನೆ. ಎತ್ತರದಲ್ಲಿ ವೇಗ ಗಂಟೆಗೆ 900 ಕಿ.ಮೀ. ಮುಟ್ಟಿದರೂ ಏರುವಾಗ, ಇಳಿಯುವಾಗ ಅಷ್ಟಿರುವುದಿಲ್ಲ. ಇಲ್ಲಿ 10 ಗಂಟೆ 50 ನಿಮಿಷ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ಜೆಟ್ ಪ್ರವಾಹ, ಅಂದರೆ ವಿಮಾನ ಹಾರುವ ಎತ್ತರದ ಬಿರುಸು ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಂತೂ ಬಲು ಜೋರು. ಹಾಗಾಗಿ ಅಮೆರಿಕಕ್ಕೆ ಹೋಗುವಾಗ 10 ಗಂಟೆಯ ಆಸುಪಾಸು, ಹಿಂದಿರುಗುವಾಗ 12ರ ಹತ್ತಿರ.

ದಾರಿ ಮುಚ್ಚಿದ್ದರೆ ಈ ಸೂತ್ರ ಕೈಕೊಡುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೋ ಪ್ರಯಾಣ 9–10 ಗಂಟೆಯಿಂದ ಸುಮಾರು 13 ಗಂಟೆಗೆ ಏರಿತು. ಅಂಥ ಕಡೆ ಸುತ್ತುದಾರಿಯನ್ನು ತುಂಡು ಮಾಡಿ ಅಳೆದು ಕೂಡಿಸಬೇಕು.

ಟಿಕೆಟ್‌ನಲ್ಲಿರುವ ಎರಡು ವೇಳೆಗಳನ್ನು ಮಾತ್ರ ಒಂದರಿಂದೊಂದು ಕಳೆಯಬೇಡಿ. ಅವು ಆಯಾ ಊರಿನ ಗಡಿಯಾರದವು. ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಟೋಕಿಯೋಗಿಂತ 16 ಗಂಟೆ ಹಿಂದೆ, ಚಳಿಗಾಲದಲ್ಲಿ 17. ಜುಲೈನಲ್ಲಿ ಸೋಮವಾರ ಸಂಜೆ 5ಕ್ಕೆ ಟೋಕಿಯೋ ಬಿಟ್ಟವರು 10 ಗಂಟೆ ಹಾರಿ ಸೋಮವಾರವೇ ಬೆಳಗ್ಗೆ 11ಕ್ಕೆ ಇಳಿಯುತ್ತಾರೆ! ಹೊರಡುವ ವೇಳೆಯನ್ನು ಇಳಿಯುವ ಊರಿನ ಗಡಿಯಾರಕ್ಕೆ ಬದಲಿಸಿಕೊಂಡ ನಂತರವೇ ಕಳೆಯಿರಿ. ಇಷ್ಟು ಗಂಟೆಗೊಮ್ಮೆ ಎಂದು ಔಷಧಿ ತೆಗೆದುಕೊಳ್ಳುವವರಿಗೆ ಈ ನಿಜವಾದ ಗಂಟೆಗಳೇ ಮುಖ್ಯ. ಹಿಂದಿರುಗುವಾಗ ಸೋಮವಾರ ಬೆಳಗ್ಗೆ 11ಕ್ಕೆ ಹೊರಟರೆ ಟೋಕಿಯೋ ತಲುಪುವುದು ಮಂಗಳವಾರ ಮಧ್ಯಾಹ್ನ 3ಕ್ಕೆ. ಅಲ್ಲಿ ಹೋಟೆಲ್ ಕಾದಿರಿಸುವಾಗ ಮಂಗಳವಾರದ ತಾರೀಖನ್ನೇ ಹಾಕಿ.