ಹೊಟ್ಟೆ ಸಾಫ್ ಆಗದಿದ್ದರೆ: ಶ್ರೋಣಿತಳದ ಬಿಗಿತ ಸಡಿಲಿಸುವ ಬಗೆ

‘ಹೊಟ್ಟಿ ಸಾಫ್ ಆಗವಲ್ದು’ ಎಂದು ಹೇಳಿಕೊಂಡು ಬರುವವರಿಗೆ ಬಾಗಲಕೋಟೆಯ ಕಡೆ ಮೊದಲು ಸಿಗುವ ಸಲಹೆ ಇಸಬಗೋಲು. ಅದಕ್ಕೂ ಜಗ್ಗದಿದ್ದರೆ ಜುಲಾಬಿನ ಗುಳಿಗೆ. ಮಲ ಗಟ್ಟಿಯಾಗಿರುವುದೇ ತೊಂದರೆಯಾಗಿದ್ದರೆ ಇವು ನಾಟುತ್ತವೆ. ಆದರೆ ಮಲ ಮೆತ್ತಗಿದ್ದರೂ ತಿಣುಕಬೇಕಾಗಿ ಬಂದರೆ, ಎದ್ದು ಬಂದ ಮೇಲೂ ಇನ್ನೂ ಒಳಗೇ ಉಳಿದಂತೆ ಅನ್ನಿಸಿದರೆ, ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿ ಉಟ್ಟ ಬಟ್ಟೆ ಬಿಗಿಯಾಗುತ್ತಿದ್ದರೆ, ಅಡಚಣೆ ಇರುವುದು ಹೊರದಾರಿಯಲ್ಲಿ ಎಂದು ಅನುಮಾನಿಸಬೇಕು.

ಸೊಂಟದ ಎಲುಬಿನ ಬಟ್ಟಲಿಗೆ ಜೋಲಿಯಂತೆ ತಳಕಟ್ಟಿರುವ ಸ್ನಾಯುಗಳಿಗೆ ಶ್ರೋಣಿತಳ ಅಥವಾ ಪೆಲ್ವಿಕ್ ಫ್ಲೋರ್ ಎಂದು ಹೆಸರು. ಇವುಗಳಲ್ಲಿ ಪ್ಯುಬೊರೆಕ್ಟಾಲಿಸ್ ಎಂಬ ಸ್ನಾಯು ಮಲಾಶಯದ ಹಿಂಬದಿಗೆ ಕುಣಿಕೆ ಹಾಕಿದಂತೆ ಸುತ್ತಿ, ಅದನ್ನು ಮುಂದಕ್ಕೆಳೆದು ಪೈಪು ಮಡಚಿದಂತೆ ಹಿಡಿದಿರುತ್ತದೆ. ಮಲವಿಸರ್ಜನೆಯ ಹೊತ್ತಿಗೆ ಈ ಕುಣಿಕೆ ಸಡಿಲಾಗಬೇಕು. ಕೆಲವರಲ್ಲಿ ಅದು ಆಗಲೇ ಇನ್ನಷ್ಟು ಬಿಗಿಯುವುದರಿಂದ ಮುಕ್ಕಿದಷ್ಟೂ ದಾರಿ ಮುಚ್ಚುತ್ತದೆ.

ವರ್ಷಗಟ್ಟಲೆ ತಡೆಹಿಡಿದ ರೂಢಿಯೂ ಇದಕ್ಕೆ ಕಾರಣವಾಗಬಲ್ಲದು. ಚರಗಿ ಹಿಡಿದು ಬಯಲಿಗೆ ಹೋಗಲು ಕತ್ತಲಾಗುವವರೆಗೆ ಕಾಯುತ್ತಿದ್ದ ಹೆಣ್ಣುಮಕ್ಕಳನ್ನೂ, ಸೀರೆ ಮುಗಿಯಲೆಂದು ಮಗ್ಗದ ಕುಣಿಯಿಂದ ಏಳದೆ ಒತ್ತಡ ನುಂಗಿಕೊಳ್ಳುವ ಇಳಕಲ್ಲಿನ ನೇಕಾರರನ್ನೂ ನೆನೆದರೆ ಸಾಕು. ಗುದದ ಬಿರುಕಿನ ನೋವಿಗೆ ಹೆದರಿ ಬಿಗಿಹಿಡಿಯುವವರೂ ಇದ್ದಾರೆ.

ಮೊದಲ ಹೆಜ್ಜೆ ವೈದ್ಯರ ತಪಾಸಣೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಅಥವಾ 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಎಲ್ಲವನ್ನೂ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಳ್ಳುವ ಚಾಳಿ ನಮ್ಮಲ್ಲಿ ಹೆಚ್ಚು.

ಬಳಿಕ ಉಸಿರಿನ ಅಭ್ಯಾಸ. ಅಂಗಾತ ಮಲಗಿ ಮೊಣಕಾಲಿನ ಕೆಳಗೆ ದಿಂಬಿಟ್ಟು, ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಕ್ಕುಳ ಮೇಲೂ ಇರಿಸಿಕೊಳ್ಳಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರೆಳೆದಾಗ ಹೊಕ್ಕುಳ ಮೇಲಿನ ಕೈ ಮಾತ್ರ ಏಳಬೇಕು. ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆ ಕೆಳಗಿಳಿದಂತೆ ಶ್ರೋಣಿತಳವೂ ತಾನಾಗಿ ಕೆಳಕ್ಕೆ ಜಾರುತ್ತದೆ. ಆರು ಎಣಿಸುತ್ತ ಉಸಿರು ಬಿಡಿ. ಮೊದಮೊದಲು ಏನೂ ತಿಳಿಯುವುದಿಲ್ಲ. ಆಗ ಮೂತ್ರ ತಡೆಯುವಂತೆ ಎರಡು ಕ್ಷಣ ಮೆಲ್ಲಗೆ ಬಿಗಿದು ಬಿಟ್ಟು ನೋಡಿ: ಬಿಟ್ಟಾಗ ಕೆಳಗೆ ಏನೋ ಇಳಿದಂತಾಗುತ್ತದಲ್ಲ, ಕಲಿಯಬೇಕಾದದ್ದು ಅದನ್ನೇ. ದಿನಕ್ಕೆ ಎರಡು ಸಲ ಐದರಿಂದ ಹತ್ತು ನಿಮಿಷ ಸಾಕು. ಬಿಗಿಯುವುದನ್ನೇ ಕಲಿಸುವ ಕೀಗಲ್ ವ್ಯಾಯಾಮ ಸಡಿಲ ಸ್ನಾಯುವಿನವರಿಗೆ. ಬಿಗಿತವಿರುವವರಿಗೆ ಅದು ಕೆಡುಕನ್ನೇ ಹೆಚ್ಚಿಸಬಹುದು.

ಇನ್ನು ಶೌಚಾಲಯದ ಮಾತು. ಊಟವಾದ ಮೇಲೆ ದೊಡ್ಡ ಕರುಳು ಚುರುಕಾಗುವುದರಿಂದ, ಬೆಳಗಿನ ಚಹಾ-ನಾಷ್ಟಾ ಆದ ಅರ್ಧ ಗಂಟೆಯೊಳಗೆ ಕೂರುವುದು ಉತ್ತಮ. ಕುಕ್ಕರುಗಾಲಿನಲ್ಲಿ ಕೂತಾಗ ಮಲಾಶಯದ ಆ ಮಡಿಕೆ ನೆಟ್ಟಗಾಗುತ್ತದೆ. ಕಮೋಡ್ ಇರುವ ಮನೆಯಲ್ಲಿ ಪಾದದಡಿ ಏಳೆಂಟು ಇಂಚಿನ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ ಮುಂದೆ ಬಾಗಿ ಕೂರಬೇಕು. ಉಸಿರು ಕಟ್ಟಿ ಮುಕ್ಕದೆ, ಊದುಗೊಳವೆಯಲ್ಲಿ ಒಲೆ ಊದುವಂತೆ ಬಾಯಿಂದ ನಿಧಾನಕ್ಕೆ ಉಸಿರು ಬಿಡುತ್ತ ಸೊಂಟವನ್ನು ಎರಡೂ ಪಕ್ಕಕ್ಕೆ ಹಿಗ್ಗಿಸಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ; ಮೊಬೈಲ್ ಹೊರಗೇ ಇರಲಿ.

ಊಟದ ವಿಷಯ ಹೆಚ್ಚಿಲ್ಲ. ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು ತಿನ್ನುವವರಿಗೆ ನಾರಿನ ಕೊರತೆ ಅಷ್ಟಾಗಿ ಇರುವುದಿಲ್ಲ, ಬೇಸಿಗೆಯಲ್ಲಿ ನೀರಿನ ಕೊರತೆ ಇರಬಹುದು. ಬಾಗಿಲು ತೆರೆಯದೆ ನಾರು ಸುರಿದರೆ ಉಬ್ಬರವೇ ಹೆಚ್ಚೀತು.

ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ ಜಠರ-ಕರುಳಿನ ತಜ್ಞರು ಮ್ಯಾನೊಮೆಟ್ರಿಯಿಂದ ಸ್ನಾಯುವಿನ ಒತ್ತಡವನ್ನೂ, 50 ಮಿಲಿಲೀಟರ್ ನೀರು ತುಂಬಿದ ಬಲೂನನ್ನು ಹೊರಹಾಕಲು ತಗಲುವ ಹೊತ್ತನ್ನೂ ಅಳೆಯುತ್ತಾರೆ. ದೋಷ ಖಚಿತವಾದರೆ ಬಯೋಫೀಡ್‌ಬ್ಯಾಕ್ ಚಿಕಿತ್ಸೆ ಇದೆ: ಸ್ನಾಯು ಬಿಗಿಯುವುದೂ ಸಡಿಲಾಗುವುದೂ ಪರದೆಯ ಮೇಲೆ ಗೆರೆಯಾಗಿ ಮೂಡುವುದನ್ನು ನೋಡುತ್ತಲೇ ರೋಗಿ ಸಡಿಲಿಸಲು ಕಲಿಯುತ್ತಾನೆ. ಈ ಸೌಲಭ್ಯ ಎಲ್ಲ ಊರಲ್ಲೂ ಸಿಗುವುದಿಲ್ಲವಾದ್ದರಿಂದ, ಬೆಳಗಾವಿಯ ಬಸ್ಸು ಹತ್ತುವ ಮೊದಲು ಹೋಗಲಿರುವ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಲೇಸು.