ಹಳೆ ಜಾವಾ ಎಳೀತಿಲ್ವಾ? ಮೊದಲು ಕಳೆದುಹೋದ ಕುದುರೆಗಳನ್ನು ಹುಡುಕಿ

ಹಳೆ 250 ಸಿಸಿ ಟೂ ಸ್ಟ್ರೋಕ್ ಜಾವಾ ಬೈಕಿಗೆ ಪವರ್ ಜಾಸ್ತಿ ಮಾಡಬೇಕು ಅನ್ನೋರಿಗೆ ನನ್ನ ಮೊದಲ ಪ್ರಶ್ನೆ ಒಂದೇ. ಕಂಪನಿ ಕೊಟ್ಟಿದ್ದ 12 ಕುದುರೆಯಲ್ಲಿ, ಅಂದರೆ ಹಾರ್ಸ್ ಪವರ್‌ನಲ್ಲಿ, ಈಗ ಎಷ್ಟು ಉಳಿದಿವೆ? ಮೈಸೂರಿನ ಕಾರ್ಖಾನೆಯಲ್ಲಿ ಗಾಡಿ ತಯಾರಿಕೆ ನಿಂತಿದ್ದೇ 1996ರಲ್ಲಿ. ಅಂದರೆ ಅದೇ ಕಾರ್ಖಾನೆಯಲ್ಲಿ ಜಾವಾ ನಂತರ ಬಂದ ಯೆಜ್ಡಿಗಳಲ್ಲಿ ಕೊನೆಯದಕ್ಕೂ ಈಗ ವಯಸ್ಸಾಗಿದೆ, ಅರವತ್ತರ ದಶಕದ ಜಾವಾ ಕಥೆ ಕೇಳುವುದೇ ಬೇಡ. ಇಂಥ ಗಾಡಿಗೆ ನೇರವಾಗಿ ಪೋರ್ಟಿಂಗ್ (ಸಿಲಿಂಡರಿನ ಗ್ಯಾಸ್ ದಾರಿಗಳನ್ನು ಕೊರೆದು ದೊಡ್ಡದು ಮಾಡುವುದು) ಮಾಡಿಸಲು ಹೋಗಬೇಡಿ. ಸೋರಿಹೋಗಿರುವುದನ್ನು ವಾಪಸ್ ತಂದರೆ ಸಾಕು, ಮುಕ್ಕಾಲು ಪಾಲು ಜನರಿಗೆ ಅಷ್ಟರಲ್ಲೇ ಸಮಾಧಾನವಾಗುತ್ತದೆ.

ಸೈಲೆನ್ಸರ್‌ನಿಂದ ಶುರು ಮಾಡಿ. ಒಂದೇ ಸಿಲಿಂಡರ್ ಆದರೂ ಜಾವಾಗೆ ಎರಡು ಎಕ್ಸಾಸ್ಟ್, ಎರಡು ಸೈಲೆನ್ಸರ್. ಎರಡರಲ್ಲೂ ಆಯಿಲ್ ಸುಟ್ಟು ಕಾರ್ಬನ್ ಕಟ್ಟಿರುತ್ತದೆ. ಹಿಂದಿನ ತುದಿ ಬಿಚ್ಚಿ ಬಫಲ್ (ಸದ್ದು ತಗ್ಗಿಸುವ ತೂತುಗಳ ಒಳಕೊಳವೆ) ಎಳೆದು ನೋಡಿ, ತೂತುಗಳೇ ಕಾಣದಷ್ಟು ಮುಚ್ಚಿಕೊಂಡಿದ್ದರೆ ಆಶ್ಚರ್ಯವಿಲ್ಲ. ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಉಜ್ಜಿ. ಅಲ್ಯೂಮಿನಿಯಂ ಭಾಗಕ್ಕೆ ಮಾತ್ರ ಸೋಡಾ ತಾಗಿಸಬೇಡಿ, ತಿಂದುಹಾಕುತ್ತದೆ. ಕ್ಲೀನ್ ಮಾಡಿದ ಮೇಲೆ ಬಫಲ್ ವಾಪಸ್ ಹಾಕಿ, ದಯವಿಟ್ಟು. ಅದನ್ನು ತೆಗೆದರೆ ಸೌಂಡ್ ಜಾಸ್ತಿ ಆಗುತ್ತದೆ, ಪವರ್ ಅಲ್ಲ. ಟೂ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಒಳಗಿನ ಒತ್ತಡದ ಅಲೆ ವಾಪಸ್ ಬಂದು, ಹೊರಗೆ ಓಡುತ್ತಿರುವ ಹೊಸ ಪೆಟ್ರೋಲ್-ಗಾಳಿ ಮಿಕ್ಸ್ಚರನ್ನು ಸಿಲಿಂಡರ್‌ಗೆ ತಳ್ಳಬೇಕು. ಆ ಲೆಕ್ಕ ಕೆಟ್ಟರೆ ಕಡಿಮೆ ವೇಗದ ಎಳೆತ ಹೋಗುತ್ತದೆ, ಜೊತೆಗೆ ಪೊಲೀಸ್ ಫೈನ್ ಬೇರೆ.

ಆಮೇಲೆ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ. ಇದನ್ನು ಯಾರೂ ನೋಡುವುದಿಲ್ಲ, ಪವರ್ ಜಾಸ್ತಿ ಕಳೆದುಹೋಗುವುದು ಇಲ್ಲೇ. ಟೂ ಸ್ಟ್ರೋಕ್ ಎಂಜಿನ್‌ಗೆ ಕ್ರ್ಯಾಂಕ್‌ಕೇಸೇ ಪಂಪು, ಪಂಪಿಗೆ ತೂತಾದರೆ ಇನ್ನೇನು ಉಳಿಯಿತು? ಎಡಗಡೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದು ಬಿಳಿ ಹೊಗೆ ಬಿಡುತ್ತದೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹೋದರೆ ಹೊಗೆ ಬರಲ್ಲ, ಗಾಳಿ ಎಳೆಯುತ್ತದೆ, ಮಿಕ್ಸ್ಚರ್ ತೆಳುವಾಗುತ್ತದೆ, ಒಂದು ದಿನ ಹೈವೇಯಲ್ಲಿ ಪಿಸ್ಟನ್ ಜಾಮ್.

ಟೆಸ್ಟ್ ಮಾಡುವುದು ಸುಲಭ. ಕಾರ್ಬ್ಯುರೇಟರ್ ಬಿಚ್ಚಿ ಆ ಬಾಯಿಗೆ ಹಳೆ ಟ್ಯೂಬ್ ತುಂಡು, ಅದರ ಮೇಲೆ ಒಂದು ಪ್ಲೇಟ್ ಕೂರಿಸಿ ಬೋಲ್ಟ್ ಹಾಕಿ. ಎರಡೂ ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ ತುರುಕಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಪ್ಲಗ್ ತೂತಿನಿಂದ ಗೇಜ್ ಇರುವ ಸೈಕಲ್ ಪಂಪಿನಲ್ಲಿ ನಿಧಾನವಾಗಿ 6 ಪಿಎಸ್‌ಐ ತನಕ ಗಾಳಿ ತುಂಬಿ, ಅದಕ್ಕಿಂತ ಜಾಸ್ತಿ ಬೇಡ. ಮುಳ್ಳು ಕೆಲವು ನಿಮಿಷ ಹಾಗೇ ನಿಂತರೆ ಸರಿ. ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಎಲ್ಲೇಳುತ್ತದೆ ನೋಡಿ. ಬ್ಲಾಕಿನ (ಸಿಲಿಂಡರಿನ) ಬುಡ, ಕೇಸಿನ ಜಾಯಿಂಟು, ಡೈನಮೋ ಹಿಂದೆ, ಮೂರೂ ಕಡೆ ನೋಡಿ.

ಕರೆಂಟಿನ ವಿಷಯ. 6 ವೋಲ್ಟ್ ಜಾವಾದಲ್ಲಿ ಸ್ಪಾರ್ಕಿಗೂ ಬ್ಯಾಟರಿಯೇ ಗತಿ. ಹೆಡ್‌ಲೈಟ್ ಹಾಕಿದ ಕೂಡಲೇ ಗಾಡಿ ಮಿಸ್ ಹೊಡೆದರೆ ಕಾರ್ಬ್ಯುರೇಟರ್ ಮುಟ್ಟಬೇಡಿ, ಬ್ಯಾಟರಿ ಮತ್ತು ಅರ್ತ್ ವೈರ್ ನೋಡಿ. ಪಾಯಿಂಟ್ (ತೆರೆದಾಗ ಸ್ಪಾರ್ಕ್ ಬರಿಸುವ ಸ್ವಿಚ್) ಗ್ಯಾಪ್ 0.4 ಮಿಮೀ ಇಟ್ಟ ಮೇಲೆಯೇ ಟೈಮಿಂಗ್ ಮಾಡಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ, ಪಿಸ್ಟನ್ ಮೇಲೆ ಬರಲು ಎಷ್ಟು ಮಿಲಿಮೀಟರ್ ಇರುವಾಗ ಪಾಯಿಂಟ್ ತೆರೆಯಬೇಕು ಅನ್ನುವುದನ್ನು ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ ಹಿಡಿಯಿರಿ. ಸ್ಕ್ರೂಡ್ರೈವರ್ ತೂರಿಸಿ ಅಂದಾಜು ಹೊಡೆಯುವುದು ಬೇಡ. ಪಾಯಿಂಟ್ ಬದಲಿಗೆ 12 ವೋಲ್ಟ್ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಕಿಟ್ ಹಾಕಿದರೆ ಸ್ಪಾರ್ಕ್ ನೆಚ್ಚಿಕೊಳ್ಳುವಂತೆ ಆಗುತ್ತದೆ, ಆದರೆ ಪಾಯಿಂಟ್ ಸರಿಯಾಗಿರುವ ಗಾಡಿಗೆ ಅದರಿಂದ ಹೊಸ ಕುದುರೆ ಏನೂ ಸೇರುವುದಿಲ್ಲ.

ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದಲ್ವಾ, ಕಾರ್ಬ್ಯುರೇಟರಿನ ಹಳೆ ಜೆಟ್ಟಿನಲ್ಲೇ (ಪೆಟ್ರೋಲ್ ಹರಿಯುವ ಸಣ್ಣ ತೂತು) ಓಡಿಸಿದರೆ ಮಿಕ್ಸ್ಚರ್ ತೆಳುವಾಗುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಶುರು ಮಾಡಿ. "ಸೇಫ್ ಆಗಿರಲಿ" ಅಂತ ಪೆಟ್ರೋಲಿಗೆ ಆಯಿಲ್ ಜಾಸ್ತಿ ಸುರಿಯುವವರಿಗೆ ಒಂದು ಮಾತು: ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆ, ಅಂದರೆ ಮಿಕ್ಸ್ಚರ್ ಇನ್ನೂ ತೆಳು. ಖಾಲಿ ನೇರ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲೇಟರ್ ಕೊಟ್ಟು, ಅದೇ ಓಟದಲ್ಲಿ ಕ್ಲಚ್ ಹಿಡಿದು ಕೀ ಆಫ್ ಮಾಡಿ, ನಿಲ್ಲಿಸಿ ಪ್ಲಗ್ ತೆಗೆದು ನೋಡಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಮಿಕ್ಸ್ಚರ್ ತೆಳು ಅಂತ ಅರ್ಥ, ಹಾಗೇ ಓಡಿಸಬೇಡಿ.

ಇಷ್ಟೆಲ್ಲಾ ಆಗಿಯೂ ಆಸೆ ಉಳಿದಿದ್ದರೆ ಹೆಡ್‌ಗೆ ಬನ್ನಿ. ಹೆಡ್ ತಳವನ್ನು ಸ್ವಲ್ಪ ತೆಗೆದರೆ ಕಂಪ್ರೆಶನ್ ಏರುತ್ತದೆ. ಲೇತ್ ಅಂಗಡಿಯಲ್ಲಿ "ಸ್ವಲ್ಪ ಹೊಡೀರಿ" ಅನ್ನಬೇಡಿ, ಲೆಕ್ಕ ಹಾಕಿ. ಬೋರ್ 65 ಮಿಮೀ, ಹಾಗಾಗಿ ಹೆಡ್ ಅರ್ಧ ಮಿಮೀ ತೆಗೆದರೆ ಕಡಿಮೆಯಾಗುವ ಜಾಗ ಸುಮಾರು 1.7 ಸಿಸಿ. ಪಿಸ್ಟನ್ ಮೇಲಿಟ್ಟು, ಸಿರಿಂಜಿನಲ್ಲಿ ತೆಳು ಎಣ್ಣೆ ಪ್ಲಗ್ ತೂತಿನ ಬುಡದ ತನಕ ತುಂಬಿ ಒಳಗೆ ಎಷ್ಟು ಸಿಸಿ ಹಿಡಿಯಿತು ಅಂತ ಬರೆದುಕೊಳ್ಳಿ. 39 ಸಿಸಿ ಹಿಡಿದರೆ ಕಂಪ್ರೆಶನ್ 7.4, ಅರ್ಧ ಮಿಮೀ ತೆಗೆದ ಮೇಲೆ 7.7. ಹಳೆ ಬ್ಲಾಕಿಗೆ ಅಷ್ಟು ಸಾಕು. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು (ಬಿಸಿಯನ್ನು ಬೇಗ ಬಿಡುವಂಥದ್ದು) ಹಾಕಿ, ಟೈಮಿಂಗ್ ಇನ್ನೊಮ್ಮೆ ನೋಡಿ. ಹತ್ತುವಾಗ ಕಟಕಟ ಅಂತ ಶಬ್ದ ಬಂದರೆ ಆಕ್ಸಿಲೇಟರ್ ಬಿಟ್ಟುಬಿಡಿ.

ಬ್ಲಾಕ್ ಹೇಗೂ ಇಳಿಸಿದ್ದರೆ ಬುಡದ ಗ್ಯಾಸ್ಕೆಟ್ ಟ್ರಾನ್ಸ್‌ಫರ್ ಪೋರ್ಟಿಗೆ (ಕೇಸಿನಿಂದ ಸಿಲಿಂಡರಿಗೆ ಮಿಕ್ಸ್ಚರ್ ಹೋಗುವ ದಾರಿ) ಅಡ್ಡ ಬಂದಿದೆಯಾ ನೋಡಿ, ಬಂದಿದ್ದರೆ ಬ್ಲೇಡಿನಲ್ಲಿ ಕತ್ತರಿಸಿ. ಕೇಸು ಮತ್ತು ಬ್ಲಾಕ್ ಸೇರುವ ಕಡೆ ಇರುವ ಮೆಟ್ಟಿಲನ್ನು ಅರದಿಂದ ಸಮ ಮಾಡಿ. ಎಕ್ಸಾಸ್ಟ್ ಪೋರ್ಟ್ ಎತ್ತರಿಸಲು ಮಾತ್ರ ಹೋಗಬೇಡಿ. ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತದೆ, ಊರೊಳಗೆ ಗಾಡಿ ಸತ್ತಂತೆ ಆಗುತ್ತದೆ, ತಿಂದ ಲೋಹ ವಾಪಸ್ ಬರುವುದಿಲ್ಲ. ದೊಡ್ಡ ಕಾರ್ಬ್ಯುರೇಟರ್‌ಗೂ ಹೆಚ್ಚುಕಡಿಮೆ ಇದೇ ಮಾತು.

ಬೆಟ್ಟ ಹತ್ತುವ ಎಳೆತ ಮಾತ್ರ ಬೇಕಿದ್ದರೆ ಎಂಜಿನ್ ಬಿಚ್ಚುವುದೇ ಬೇಡ. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 18ರ ಜಾಗದಲ್ಲಿ 17 ಹಾಕಿದರೆ ಚಕ್ರಕ್ಕೆ ಸುಮಾರು 6 ಪರ್ಸೆಂಟ್ ಎಳೆತ ಹೆಚ್ಚು, ಟಾಪ್ ಸ್ಪೀಡ್ ಹೆಚ್ಚುಕಡಿಮೆ ಅಷ್ಟೇ ಕಮ್ಮಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಓಡಿಸಿ ನೋಡಿ. ಮೊದಲ ಕೆಲವು ಓಟಗಳಲ್ಲಿ ಎರಡು ಬೆರಳು ಕ್ಲಚ್ ಮೇಲಿರಲಿ. ಎಂಜಿನ್ ಬಿಗಿಯುತ್ತಿದೆ ಅನ್ನಿಸಿದ ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ತೆಗೆದುಕೊಳ್ಳಿ, ತಣ್ಣಗಾಗುವ ತನಕ ಕಿಕ್ ಹೊಡೆಯಬೇಡಿ.