ಮಳೆಗಾಲದ ಮಂಡಗದ್ದೆಯಲ್ಲಿ ಟೆಲಿಫೋಟೊ ಲೆನ್ಸ್ ಬಳಸುವ ಕ್ರಮ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿರುವ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ನಾವು ದಡದಲ್ಲೇ ನಿಲ್ಲಬೇಕಾದ್ದರಿಂದ ದೂರದ್ದನ್ನು ಹತ್ತಿರಕ್ಕೆ ತರುವ ಉದ್ದದ ಲೆನ್ಸ್, ಅಂದರೆ ಟೆಲಿಫೋಟೊ, ಬೇಕೇ ಬೇಕು. ಆದರೆ ಹಕ್ಕಿಗಳು ಸೇರುವ ತಿಂಗಳುಗಳಲ್ಲೇ ಆಕಾಶಕ್ಕೆ ಮೋಡ ಕವಿದಿರುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಈ ಲೆನ್ಸ್ ಹಿಡಿಯುವವರು ದೂರಕ್ಕಿಂತ ಬೆಳಕಿನ ಬಗ್ಗೆ ಹೆಚ್ಚು ಯೋಚಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆನ್ಸ್ ಹಕ್ಕಿಯನ್ನು ಹತ್ತಿರಕ್ಕೆ ತರುವಷ್ಟೇ ಪ್ರಮಾಣದಲ್ಲಿ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ 400 ಮಿ.ಮೀ. ಲೆನ್ಸಿಗೆ ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) ಸೆಕೆಂಡಿನ 400ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದೆಂಬುದು ಹಳೆಯ ಲೆಕ್ಕ. ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಫಲಕ) 1.5 ಪಟ್ಟು ಕ್ರಾಪ್ ಇರುವಂಥದ್ದಾದರೆ, ಅಂದರೆ ಪೂರ್ಣ ಅಳತೆಯ (ಫುಲ್‌ಫ್ರೇಮ್) ಸೆನ್ಸರಿಗಿಂತ ಅಷ್ಟು ಚಿಕ್ಕದಾದರೆ, ಅದನ್ನು 600ನೇ ಒಂದು ಭಾಗವೆಂದು ಹಿಡಿಯಬೇಕು. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ನಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ರೆಕ್ಕೆಯ ಬಡಿತವನ್ನಲ್ಲ. ಗೂಡಿಗೆ ಕಡ್ಡಿ ಹೊತ್ತು ಹಾರಿಬರುವ ಬೆಳ್ಳಕ್ಕಿ ಸ್ಪಷ್ಟವಾಗಿ ಮೂಡಬೇಕಾದರೆ 1600ನೇ ಒಂದು ಭಾಗದಷ್ಟು ವೇಗ ಬೇಕಾಗುತ್ತದೆ. ಮೋಡದ ಬೆಳಕಿನಲ್ಲಿ ಅಷ್ಟು ವೇಗ ಸಿಗಲು, ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒವನ್ನು 1600ಕ್ಕೋ 3200ಕ್ಕೋ ಏರಿಸಲು ಹಿಂಜರಿಯಬೇಡಿ. ಚಿತ್ರದಲ್ಲಿ ಮೂಡುವ ಕಾಳುಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸುವುದು ಬಹಳ ಕಷ್ಟ.

ಇಲ್ಲಿ ಹೆಚ್ಚಿನ ಗಮನ ಬೇಡುವುದು ಬಣ್ಣಗಳ ಅಂತರ. ಕಡುಹಸಿರು ಎಲೆಗಳ ಮುಂದೆ ಕುಳಿತ ಬೆಳ್ಳಕ್ಕಿಗೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ, ಅದು ಕತ್ತಲೆಯನ್ನು ಕಂಡು ಬೆಳಕು ಹೆಚ್ಚಿಸುತ್ತದೆ. ಬೆನ್ನಿನಿಂದ ಇಳಿಬಿದ್ದ ಎಳೆಎಳೆಯಾದ ತೆಳು ಗರಿಗಳೆಲ್ಲ ಒಂದೇ ಬಿಳಿಯ ಪಟ್ಟಿಯಾಗಿಬಿಡುತ್ತವೆ. ಆದ್ದರಿಂದ ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್ (ಬೆಳಕು ಅರ್ಧವಾಗುವಷ್ಟು) ಇಳಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲತುದಿಗೆ ತಾಗದಂತೆ ನೋಡಿಕೊಳ್ಳಿ. ಅದೇ ಮರದ ತುದಿಯಲ್ಲಿ ಬೆಳ್ಳನೆಯ ಆಕಾಶವನ್ನು ಹಿಂದಿಟ್ಟುಕೊಂಡು ರೆಕ್ಕೆ ಒಣಗಿಸುವ ನೀರುಕಾಗೆಗೆ ಇದರ ತದ್ವಿರುದ್ಧವಾಗಿ ಒಂದು ಸ್ಟಾಪಿಗೂ ಹೆಚ್ಚು ಏರಿಸಬೇಕಾದೀತು. ಎರಡೂ ಒಂದೇ ಚೌಕಟ್ಟಿನಲ್ಲಿ ಬಂದರೆ ನಾನು ಬೆಳ್ಳಕ್ಕಿಯ ಪಕ್ಷ ವಹಿಸುತ್ತೇನೆ, ಏಕೆಂದರೆ ಕಪ್ಪಿನೊಳಗಿನ ವಿವರವನ್ನು ಆಮೇಲೆ ಎತ್ತಬಹುದು, ಪೂರ್ತಿ ಬಿಳಿಚಿಕೊಂಡದ್ದು ಮರಳಿ ಬರುವುದಿಲ್ಲ.

ಫೋಕಸಿಗೆ ಒಂದೇ ಬಿಂದುವನ್ನು ಆರಿಸಿ ಹಕ್ಕಿಯ ಕಣ್ಣಿನ ಮೇಲಿಡಿ, ಇಲ್ಲವಾದರೆ ಕ್ಯಾಮೆರಾ ಮುಂದಿನ ರೆಂಬೆಯನ್ನೇ ಹಿಡಿಯುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 5.6ಕ್ಕೆ ಇಟ್ಟು 10 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿರುವ ಆಳ ಸುಮಾರು 20 ಸೆಂ.ಮೀ. ಮಾತ್ರ.

ಟ್ರೈಪಾಡ್ ಇದ್ದರೆ ಅದಕ್ಕೆ ಕ್ಯಾಮೆರಾವನ್ನಲ್ಲ, ಲೆನ್ಸಿನ ಸುತ್ತಲಿನ ಪಟ್ಟಿಯಾದ ಕಾಲರನ್ನು ಬಿಗಿಯಿರಿ. ಭಾರ ನಡುವಿಗೆ ಬಂದು ಅಲುಗಾಟ ತಗ್ಗುತ್ತದೆ. ಜನರ ಓಡಾಟಕ್ಕೆ ಕಾಲಡಿಯ ನೆಲ ಅದುರುತ್ತಿದ್ದರೆ ಅವರು ನಿಲ್ಲುವವರೆಗೆ ಕಾಯುವುದೇ ದಾರಿ. ಮಳೆ ಬಿಟ್ಟು ಬಿಸಿಲೇರಿದ ದಿನಗಳಲ್ಲಿ ಕಾದ ಗಾಳಿಯ ಅಲೆಗಳಿಂದ ದೂರದ ಹಕ್ಕಿ ಮಸುಕಾಗುತ್ತದೆ. ಅದಕ್ಕೆ ಎಷ್ಟು ದುಬಾರಿ ಲೆನ್ಸೂ ಮದ್ದಲ್ಲವಾದ್ದರಿಂದ ಬೆಳಗ್ಗೆ ಬೇಗ ಹೋಗುವುದು ಮೇಲು.

ಹನಿಯಿಂದ ಗಾಜನ್ನು ಕಾಪಾಡಲು ಲೆನ್ಸಿನ ಮುಂತುದಿಗೆ ಕೊಳವೆಯಂಥ ಹುಡ್ ಹಾಕಿಯೇ ಇರಿ. ಮನೆಗೆ ಬಂದಮೇಲೆ ಒದ್ದೆ ಲೆನ್ಸನ್ನು ಚೀಲದಲ್ಲೇ ಮುಚ್ಚಿಡಬಾರದು. ಒಣಬಟ್ಟೆಯಿಂದ ಒರೆಸಿ, ಗಾಳಿಗೆ ಬಿಟ್ಟು, ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಗೆ ಸೇರಿಸಬೇಕು. ಮಲೆನಾಡಿನ ತೇವದಲ್ಲಿ ಗಾಜಿನ ಒಳಪದರಕ್ಕೆ ಬೂಷ್ಟು ಹಿಡಿದರೆ ಲೆನ್ಸನ್ನು ಬಿಚ್ಚಿಯೇ ತೆಗೆಯಬೇಕಾಗುತ್ತದೆ.